ಮೂವತ್ತೆರಡನೇ ಸಾಲಿನ ಸ್ಪೇಸ್

ನಮ್ಮ ದೊಡ್ಡಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ದೊಡ್ಡಪ್ಪ, ಏನೂ ಇಲ್ಲದ ಕಡೆ ತಪ್ಪು ಹುಡುಕುತ್ತಾಳೆ, ಅಭ್ಯಾಸ ಮಾಡಿಕೊಂಡಿದ್ದು ನನ್ನ ಮೇಲೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಪ್ರೋಗ್ರಾಂ ಬರೆದರಷ್ಟೇ ಮುಗಿಯುವುದಿಲ್ಲ. ಅದನ್ನೆಲ್ಲ ಜೋಡಿಸಿ ಗಿರಾಕಿಯ ಕಂಪ್ಯೂಟರಿಗೆ ಕಳಿಸಲು ಬಿಲ್ಡ್ ಸ್ಕ್ರಿಪ್ಟ್ ಎಂಬ ಆದೇಶಗಳ ಕಡತ ಬೇರೆ ಇರುತ್ತದೆ. ಅದರಲ್ಲಿ ಟ್ಯಾಬ್ ಎಂಬ ಒಂದೇ ಉದ್ದನೆಯ ಖಾಲಿ ಜಾಗ ಇರಬೇಕಾದ ಕಡೆ ಎಂಟು ಸ್ಪೇಸ್, ಅಂದರೆ ಎಂಟು ಸಣ್ಣ ಖಾಲಿ ಜಾಗ, ಒತ್ತಿದರೆ ನೋಡಲು ಒಂದೇ ಥರ, ಯಂತ್ರ ಮಾತ್ರ ಮುಷ್ಕರ ಹೂಡುತ್ತದೆ. ದೊಡ್ಡಮ್ಮ ಕಣ್ಣನ್ನು ನಂಬುವುದಿಲ್ಲ. ಬಾಣದ ಕೀಲಿ ಒತ್ತುತ್ತಾ ಸಾಲಿನುದ್ದಕ್ಕೂ ಹೋಗುತ್ತಾಳೆ. ಟ್ಯಾಬ್ ಆದರೆ ಕರ್ಸರ್ ಒಂದೇ ನೆಗೆತಕ್ಕೆ ದಾಟುತ್ತದೆ, ಸ್ಪೇಸ್ ಆದರೆ ಎಂಟು ಸಲ ಒತ್ತಬೇಕು.

ಅದೇ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ನನ್ನದು. ಆಫೀಸಿನಲ್ಲಿ ನಾನೂ ಅವಳನ್ನು ಮೇಡಂ ಅನ್ನಬೇಕು, ಅದು ಅವಳದೇ ಕಟ್ಟಪ್ಪಣೆ. ಅನುಮಾನದ ಸ್ಪೇಸ್ ಕಂಡರೆ ಬಿಲ್ಡನ್ನೇ ತಡೆದು ನಿಲ್ಲಿಸುವ ತಪಾಸಣೆಯೊಂದನ್ನು ಅವಳು ಹಾಕಿಟ್ಟಿದ್ದಳು. ಎಲ್ಲರಿಗೂ ಅದರ ಮೇಲೆ ಕೆಂಗಣ್ಣು.

ಆ ದಿನ ಮೂರು ಗಂಟೆಗೆ ನಮ್ಮ ಗಿರಾಕಿಗಳಾದ ನಲವತ್ತು ಕ್ಲಿನಿಕ್‌ಗಳಿಗೆ ಪ್ರೋಗ್ರಾಮಿನ ಹೊಸ ಆವೃತ್ತಿ ಹೋಗಬೇಕಿತ್ತು. ಎರಡೂವರೆಗೆ ತಪಾಸಣೆ ತಡೆಯಿತು. ಮ್ಯಾನೇಜರ್ ಕೆಂಡಾಮಂಡಲವಾಗಿ ಬಂದರು. ಒಂದು ಸ್ಪೇಸಿಗೆ ಇಷ್ಟು ರಂಪವೇ, ಆ ತಪಾಸಣೆ ಕಿತ್ತುಹಾಕಿ, ಇಲ್ಲವಾದರೆ ನಾಳೆಯಿಂದ ಬರಬೇಡಿ ಎಂದು ಎಲ್ಲರೆದುರೇ ಅಂದರು. ದೊಡ್ಡಪ್ಪನ ಕೆಲಸ ಹೋಗಿ ಎರಡು ವರ್ಷವಾಗಿತ್ತು, ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ಹೂಂ ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ; ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಮೂವತ್ತೆರಡನೇ ಸಾಲು ತೋರಿಸಿದಳು. ಕ್ಲಿನಿಕ್ಕಿನ ಫೋಲ್ಡರಿನೊಳಗೆ 'ಹಳೆಯದು' ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ, ಅದನ್ನಷ್ಟೇ ಅಳಿಸಬೇಕು. ಅದಕ್ಕೆ ಎರಡು ಹೆಸರನ್ನೂ ಸೇರಿಸಿ ಬರೆಯಬೇಕು; ನಡುವೆ ಸ್ಪೇಸ್ ಬಿದ್ದಿದ್ದರಿಂದ ಯಂತ್ರ ಎರಡನ್ನೂ ಬೇರೆ ಬೇರೆ ಎಂದು ಓದಿ, ಮೊದಲು ಹೊರಗಿನದನ್ನೇ ಅಳಿಸುತ್ತಿತ್ತು, ರೋಗಿಗಳ ದಾಖಲೆಗಳ ಸಮೇತ.

ನನ್ನ ಕಂಪ್ಯೂಟರಿನಲ್ಲಿ ನಿನ್ನೆ ಸರಿಯಾಗೇ ಓಡಿತಲ್ಲ ಎಂದರು ಮ್ಯಾನೇಜರ್.

"ಹಾಗಾದ್ರೆ ಇವತ್ತೂ ಅಲ್ಲೇ ಓಡಿಸಿ ಸಾರ್. ಏನೂ ಆಗ್ಲಿಲ್ಲ ಅಂದ್ರೆ ತಪಾಸಣೆ ನಾನೇ ಕಿತ್ತು, ಬ್ಯಾಗ್ ತಗೊಂಡು ಹೊರಡ್ತೀನಿ."

ಅವರು ತಮ್ಮ ಮೇಜಿಗೆ ಹೋಗಿ ಕೂತರು. ಅಲ್ಲೂ ಅದೇ ಹೆಸರಿನ ಫೋಲ್ಡರ್ ಇತ್ತು, ಅದರಲ್ಲಿ ಅವರ ಮೂರು ವರ್ಷದ ಕೆಲಸವಿತ್ತು. ಬೆರಳು ಎಂಟರ್ ಕೀಲಿಯ ತನಕ ಹೋಯಿತು, ಒತ್ತಲಿಲ್ಲ. ಇಡೀ ಹಾಲ್ ನೋಡುತ್ತಿತ್ತು. ಸುಳ್ಳೇಕೆ, ನನಗೆ ಭಾರೀ ಖುಷಿಯಾಯಿತು. ಕೊನೆಗೆ ಅವರು ಕೈ ಹಿಂದಕ್ಕೆ ತೆಗೆದು, ನೀವೇ ತಿದ್ದಿಬಿಡಿ ಮೇಡಂ ಎಂದರು.

"ನಾನು ತಿದ್ದಲ್ಲ. ಆ ಸಾಲು ಬೆಳಿಗ್ಗೆ ನೀವೇ ಸೇರಿಸಿದ್ದು, ಪಕ್ಕದಲ್ಲಿ ನಿಮ್ಮ ಹೆಸರೇ ಇದೆ. ಹಾಕಿದವ್ರೇ ತೆಗೀಲಿ."

ಕಿವಿವರೆಗೂ ಕೆಂಪಾಗಿ, ಅವರೇ ತೆಗೆದರು. ಬಿಲ್ಡ್ ಪಾಸಾಯಿತು. ಮೂರಕ್ಕೆ ಇನ್ನು ಐದು ನಿಮಿಷ. ಕಳಿಸುವ ಗುಂಡಿ ಒತ್ತಬೇಕಾದವಳು ದೊಡ್ಡಮ್ಮ; ಅವಳು ಕೈಕಟ್ಟಿ ನಿಂತೇ ಇದ್ದಳು. ಇನ್ನೇನು ಬೇಕು ಎಂದು ಮ್ಯಾನೇಜರ್ ಕೇಳಿದರು.

"ನಾಳೆಯಿಂದ ಬರಬೇಡಿ ಅಂತ ಎಲ್ಲರೆದುರು ಅಂದ್ರಲ್ಲ. ಆ ಮಾತನ್ನೂ ಎಲ್ಲರೆದುರೇ ವಾಪಸ್ ತಗೊಳ್ಳಿ."

ಮ್ಯಾನೇಜರ್ ನೆಲ ನೋಡುತ್ತಾ, ನಾಳೆ ಬನ್ನಿ ಮೇಡಂ ಎಂದು ಗೊಣಗಿದರು.

"ಹಿಂದಿನ ಸಾಲಿನವರಿಗೆ ಕೇಳಿಸ್ಲಿಲ್ಲ ಸಾರ್."

ಅವರು ತಲೆಯೆತ್ತಿ, ಗಟ್ಟಿಯಾಗಿ ಹೇಳಿದರು. ಆಮೇಲೆ ಅವಳು ಕೂತು ಗುಂಡಿ ಒತ್ತಿದಳು.