ಕೊಮೊ ಸರೋವರಕ್ಕೆ ಎರಡೇ ಟಿಕೆಟ್

ಗಂಡನಿಗೆ ಜನವರಿಯಲ್ಲಿ ಇಟಲಿಯ ಮಿಲಾನ್‌ನಲ್ಲಿ ಒಂದು ವಾರ ಆಫೀಸಿನ ಕೆಲಸವಿತ್ತು. ಈ ಸಲ ನಾನೂ ಮಗಳೂ ಜೊತೆಗೆ ಹೊರಟಿದ್ದೆವು. ಜಪಾನಿನ ಹಮಾಮತ್ಸುವಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಅವನಿಗೆ ಬಿಡುವಿದ್ದ ಒಂದೇ ದಿನಕ್ಕೆ ಕೊಮೊ ಸರೋವರದ ಪ್ರವಾಸ ಹೊಂದಿಸುತ್ತಿದ್ದೆ. ವರೆನ್ನಾವರೆಗೆ ರೈಲು, ಅಲ್ಲಿಂದ ಬೆಲ್ಲಾಜಿಯೊಗೆ ಬೋಟು.

“ಸುಮ್ನೆ ಟೈಮ್ ವೇಸ್ಟು,” ಎಂದ ಅವನು, ಫೋನಿನಿಂದ ತಲೆಯೆತ್ತದೆ. “ವಿಂಟರಲ್ಲಿ ಅಂಗಡಿ ಎಲ್ಲಾ ಕ್ಲೋಸ್. ಬೋಟ್ ನಿಲ್ಲೋ ಕಡೆ ಒಂದೇ ಒಂದು ಕೆಫೆ ಇರತ್ತೆ, ಅಲ್ಲೂ ಹೀಟರ್ ಸರಿ ಇಲ್ಲ.”

“ಹೀಟರ್ ವಿಷ್ಯ ನಿಂಗೆ ಹೇಗ್ ಗೊತ್ತು?”

ಅವನು ಫೋನನ್ನು ಕೆಳಗಿಟ್ಟ. ಹಿಂದಿನ ವರ್ಷ ಅವನು ಮಿಲಾನ್‌ನಲ್ಲಿದ್ದಾಗ ಮಗಳಿಗೆ ವಿಪರೀತ ಜ್ವರ. ಬಾರದ ಜಪಾನೀಸ್‌ನಲ್ಲಿ ನಾನೊಬ್ಬಳೇ ಆಸ್ಪತ್ರೆಗೆ ಅಲೆದಿದ್ದೆ. ಫೋನ್ ಮಾಡಿದಾಗಲೆಲ್ಲ ಮೀಟಿಂಗ್‌ನಲ್ಲಿದ್ದೇನೆ ಎಂದಿದ್ದ.

“ಒಂದಿನ ಹೋಗಿದ್ದೆ. ಈಗೇನು?” ಎಂದು ರೇಗಿದ.

ಮೂವರು ಎಂದಿದ್ದುದನ್ನು ಇಬ್ಬರು ಎಂದು ಬದಲಿಸಿ, ಅವನ ಕಣ್ಣೆದುರೇ ರೈಲು ಟಿಕೆಟ್ ತೆಗೆದೆ.

“ಅಪ್ಪ ನಾಟ್ ಕಮಿಂಗ್?” ಎಂದಳು ಮಗಳು.

“ಇಲ್ಲ ಪುಟ್ಟಾ. ಅಪ್ಪ ನಮ್ಮನ್ನ ಬಿಟ್ಟು ಆಗ್ಲೇ ನೋಡ್ಕೊಂಡ್ ಬಂದಿದಾರೆ.”

ಮಿಲಾನ್ ತಲುಪಿದ ಮೇಲೆ, ಆ ಬಿಡುವಿನ ದಿನ ನಾವಿಬ್ಬರೇ ಕೊಮೊಗೆ ಹೋದೆವು. ಬೋಟಿನಲ್ಲಿದ್ದಾಗ ‘ತಲುಪಿದ್ರಾ?’ ಎಂದು ಅವನ ಮೆಸೇಜು ಬಂತು. ಓದಿ, ಫೋನನ್ನು ಆಫ್ ಮಾಡಿದೆ.