ಇರುವುದನ್ನಷ್ಟೇ ಓದುವ ಚುಕ್ಕಿಯಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬ್ರೈಲ್ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ದೀಪ ಹಾಕಿಲ್ಲ. ಒಳಗೆ ಕುಳಿತವರಿಗೆ ಅದರ ಹಂಗಿಲ್ಲ. ಚುಕ್ಕಿಯಕ್ಕ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ದಪ್ಪ ಹಾಳೆಯ ಮೇಲೆ ಎರಡೂ ತೋರುಬೆರಳಿಡುತ್ತಾರೆ. ಕಾಗದದ ಮೇಲೆ ಉಬ್ಬಿ ನಿಂತ ಚುಕ್ಕಿಗಳು ಅಜ್ಜಿಕತೆಯ ಇರುವೆ ಸೈನ್ಯದಂತೆ ಸಾಲುಗಟ್ಟಿವೆ. ಬೆರಳು ಹರಿದಷ್ಟೂ ಆ ಸೈನ್ಯಕ್ಕೆ ಬಾಯಿ ಬರುತ್ತದೆ.

ಅಷ್ಟರಲ್ಲಿ ಕಣ್ಣು ಕಾಣುವ ಜೊತೆಗಾರ್ತಿ ಬಂದು ಟಪ್ಪೆಂದು ದೀಪ ಹಾಕುತ್ತಾಳೆ.

"ಕರೆಂಟ್ ಬಿಲ್ಲೆಲ್ಲ ನಿನ್ನ ಲೆಕ್ಕಕ್ಕೇ ಕಣೇ," ಚುಕ್ಕಿಯಕ್ಕ ಚುಚ್ಚುತ್ತಾರೆ.

"ಹೌದಮ್ಮ, ನಿನ್ನ ಹಾಗೆ ಕತ್ತಲಲ್ಲೇ ಪಂಡಿತಳಾಗೋ ಯೋಗ ನಮಗೆಲ್ಲಿ!"

ಹುಟ್ಟಿನಿಂದಲೇ ಕಣ್ಣು ಕಾಣದ ಚುಕ್ಕಿಯಕ್ಕನ ಕೆಲಸ ಕರಡು ತಿದ್ದುವುದು. ಅವರು ಬೆರಳಿನಿಂದ ಓದಿ ಹೇಳಬೇಕು, ಜೊತೆಗಾರ್ತಿ ಶಾಯಿಯಲ್ಲಿ ಅಚ್ಚಾದ ಪುಸ್ತಕ ಹಿಡಿದು ತಾಳೆ ನೋಡಬೇಕು. ದಿನಕ್ಕೆ ನಲವತ್ತು ಪುಟದ ಆಸುಪಾಸು. ಚಳಿಗಾಲದಲ್ಲಿ ಸಂಜೆಯ ಹೊತ್ತಿಗೆ ಬೆರಳ ತುದಿ ಜೋಮು ಹಿಡಿದು, ಚುಕ್ಕಿ ಯಾವುದು ಚರ್ಮ ಯಾವುದು ತಿಳಿಯದಾಗುತ್ತದೆ.

"ಗೊತ್ತಿರೋದನ್ನ ಓದ್ಬೇಡ, ಇರೋದನ್ನ ಓದು ಅಂತ ಸೇರಿದ ದಿನವೇ ಹೇಳಿಕೊಟ್ಟಿದ್ರು," ಎನ್ನುತ್ತಾರೆ ಅವರು. "ಬಾಯಿಗೆ ಅಭ್ಯಾಸ ಜಾಸ್ತಿ, ಬೆರಳಿಗೆ ನಿಯತ್ತು ಜಾಸ್ತಿ. ಬಾಯಿ ಮುಂದೆ ಓಡಿದ್ರೆ ತಪ್ಪು ಹಾಗೇ ಉಳ್ಕೊಳುತ್ತೆ."

ಅವರ ಬಾಯಿ ಹಾಗೆ ಮುಂದೆ ಓಡಿದ್ದು ಒಮ್ಮೆ ಮಾತ್ರ. ಅದನ್ನು ಹೇಳಬೇಕಾದರೆ ಅಮ್ಮನಿಂದ ಶುರು ಮಾಡಬೇಕು.

"ನಾನು ಹೊಟ್ಟೇಲಿದ್ದಾಗ ಅಮ್ಮ ತಮ್ಮ ಅತ್ತೆಗೆ ಎದುರು ಮಾತಾಡಿದ್ರಂತೆ. ನನ್ನ ಕಣ್ಣು ನೋಡಿದ್ಮೇಲೆ ಎಲ್ರೂ ತೀರ್ಪು ಕೊಟ್ಟೇಬಿಟ್ರು, ಹೆತ್ತವಳ ಪಾಪ ಕೂಸಿನ ಕಣ್ಣಿಗೆ ಬಿತ್ತು ಅಂತ."

ಅಂಥ ತಾಯಂದಿರು ಪ್ರಾರ್ಥನಾ ಮಂದಿರದಲ್ಲಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುವುದು ವಾಡಿಕೆ. ಯಾರು ಮಾಡಿದ್ದು ಎಂದು ಕೇಳಿದವರಿಲ್ಲ. ತಲೆತಲಾಂತರದಿಂದ ಬಂದದ್ದು ಎಂದರೆ ಮುಗಿಯಿತು. ಬಾಣಂತಿತನ ಮುಗಿಸಿ ಆ ಬೆಂಚಿನಲ್ಲಿ ಕೂತ ಅಮ್ಮ ತಲೆ ನೆರೆತರೂ ಏಳಲಿಲ್ಲ. ಬಾಗಿಲ ಗಾಳಿಗೆ ಮಂಡಿ ಹಿಡಿದುಕೊಂಡಿತು. ಮನೆಯಲ್ಲೂ ಅಷ್ಟೇ, ಮಗಳ ಪಾಲಿನ ಕೆಲಸವೆಲ್ಲ ಅಮ್ಮನದೇ.

"ಒಂದು ಲೋಟ ತೊಳೆಯೋಕೂ ಬಿಟ್ಟೋರಲ್ಲ. ಬರೀ ಪ್ರೀತಿ ಅಂದ್ಕೊಂಡಿದ್ದೆ," ಚುಕ್ಕಿಯಕ್ಕನ ದನಿ ತಗ್ಗುತ್ತದೆ. "ಅವರು ದಂಡ ಕಟ್ತಾ ಇದ್ರು."

ಕಳೆದ ವರ್ಷ ಮುದ್ರಣಾಲಯಕ್ಕೆ ಆ ಮಂದಿರದವರು ಓದುವ ಧರ್ಮಗ್ರಂಥವೇ ಬ್ರೈಲ್‌ಗೆ ಬಂತು. ಮುಗಿದರೆ ಒಂದು ಬೀರು ತುಂಬುವಷ್ಟು ಸಂಪುಟಗಳು. ಒಂದು ಬೆಳಿಗ್ಗೆ ಹುಟ್ಟುಕುರುಡನ ಕತೆ ಎದುರಾಯಿತು. ಇವನು ಹೀಗೆ ಹುಟ್ಟಿದ್ದು ಯಾರ ಪಾಪದಿಂದ ಎಂದು ಶಿಷ್ಯರು ಗುರುವನ್ನು ಕೇಳುತ್ತಾರೆ. ಚುಕ್ಕಿಯಕ್ಕನ ಬೆರಳು ಇನ್ನೂ ಪ್ರಶ್ನೆಯ ಮೇಲಿತ್ತು. ಬಾಯಿ ಆಗಲೇ ಉತ್ತರ ಕೊಟ್ಟಿತು: ಹೆತ್ತವರದು.

"ನಿಲ್ಲು," ಎಂದಳು ಜೊತೆಗಾರ್ತಿ. "ಹಾಗಿಲ್ಲ ಇಲ್ಲಿ."

"ಇದೆ ಕಣೇ. ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದ್ದೀನಿ."

"ಕೇಳಿದ್ದು ಪಕ್ಕಕ್ಕಿರಲಿ ಮಾರಾಯ್ತಿ, ಬೆರಳಿಡು."

ಬೆರಳಿಟ್ಟರು. ಅವನ ಪಾಪವೂ ಅಲ್ಲ, ಅವನ ತಂದೆತಾಯಿಯ ಪಾಪವೂ ಅಲ್ಲ ಎಂದು ಗುರು ಹೇಳಿದ್ದು ಸ್ಪಷ್ಟವಾಗಿ ತಾಗಿತು. ತಿರುಗಿ ಓದಿದರು. ಮತ್ತೆ ತಿರುಗಿ ಓದಿದರು. ಆ ಬೆಳಿಗ್ಗೆ ಕೆಲಸ ಮುಂದೆ ಸಾಗಲಿಲ್ಲ.

"ದೇವರು ಎಂಥೋನು ಅಂತ ಊರವರ ಬಾಯಲ್ಲೇ ಕೇಳಿದ್ದೆ, ಅವನ ಮಾತು ಕೇಳೋಕೆ ಹೋಗೇ ಇರ್ಲಿಲ್ಲ. ಪಕ್ಕದ ಮನೆಯವರ ಚಾಡಿ ನಂಬಿ ಅಪ್ಪನ ಮೇಲೆ ಮುನಿಸ್ಕೊಂಡ ಹಾಗಾಗಿತ್ತು ನನ್ನ ಕತೆ."

ಮನೆಗೆ ಹೋಗಿ ಹೇಳಿದರೆ ಅಮ್ಮ ನಂಬಲಿಲ್ಲ. "ಅಚ್ಚು ಹಾಕೋರು ನೀವೇ, ನಿಮಗೆ ಬೇಕಾದ್ದು ಹಾಕ್ಕೊಂಡಿರ್ತೀರಿ!"

ರಜೆಯ ದಿನ ಜೊತೆಗಾರ್ತಿ ತನ್ನ ಪುಸ್ತಕ ಹೊತ್ತು ಮನೆಗೇ ಬಂದಳು. ಅಮ್ಮ ಅದನ್ನೂ ಒಪ್ಪದೆ, ಮೇಲಿನ ಗೂಡಿನತ್ತ ಕೈ ತೋರಿಸಿದರು. ಅಲ್ಲಿ ಬಟ್ಟೆ ಸುತ್ತಿಟ್ಟ ಅತ್ತೆಯ ಗ್ರಂಥವಿತ್ತು. ಅತ್ತೆ ತೀರಿಕೊಂಡ ಮೇಲೂ ಅಮ್ಮ ಅದರ ಧೂಳು ಒರೆಸುವುದನ್ನು ತಪ್ಪಿಸಿರಲಿಲ್ಲ. ಆದರೆ ಅತ್ತೆ ಸೊಸೆ ಇಬ್ಬರಿಗೂ ಓದು ಬಾರದು, ಬಿಚ್ಚಿದ್ದು ಅಂದೇ. ಅಂಟಿಕೊಂಡಿದ್ದ ಹಾಳೆಗಳನ್ನು ಜೊತೆಗಾರ್ತಿ ಉಗುರಿನಿಂದ ಬಿಡಿಸಿ ಓದಿದಳು. ಅದೇ ಮಾತು.

"ಇದು ಇದರೊಳಗೇ ಇತ್ತಾ?" ಎಂದರು ಅಮ್ಮ. ಹಾಳೆಯ ಮೇಲೆ ಕೈಯಾಡಿಸುತ್ತ ಮತ್ತೆ ಅಂದರು, "ಪಾಪ, ಅತ್ತೆಗೂ ಯಾರೂ ಓದಿ ಹೇಳಿರ್ಲಿಲ್ಲ."

ಮುಂದಿನ ಪ್ರಾರ್ಥನೆಗೆ ಅಮ್ಮ ಮಗಳ ಕೈ ಹಿಡಿದು ಬಾಗಿಲ ಬೆಂಚು ದಾಟಿದರು. ನಡುಸಾಲಿನ ಹಿರಿಯಾಕೆಯೊಬ್ಬರು, "ನಿಮ್ಮ ಜಾಗ ಅಲ್ಲಲ್ವಾ?" ಎಂದು ಪಿಸುಗುಟ್ಟಿದರಂತೆ.

"ಎಲ್ಲಿ ಬರೆದಿದೆ ತೋರಿಸಿ," ಎಂದರಂತೆ ಅಮ್ಮ. "ನನ್ನ ಮಗಳು ಓದ್ತಾಳೆ."

ಆಕೆ ಸೆರಗು ಎಳೆದುಕೊಂಡು, ಸರಿದು ಜಾಗ ಬಿಟ್ಟರಂತೆ.

ಗ್ರಂಥದ ಕೆಲಸ ಇನ್ನೂ ಅರ್ಧ ಬಾಕಿಯಿದೆ. ಚುಕ್ಕಿಯಕ್ಕನಿಗೆ ಇರುವುದು ಒಂದೇ ಆಸೆ. "ಆ ಪುಟದಲ್ಲಿ ಒಂದು ಚುಕ್ಕಿನೂ ಚಪ್ಪಟೆಯಾಗ್ಬಾರ್ದು. ಅದನ್ನ ಓದೋ ಹುಡುಗಿಯ ಅಮ್ಮ ಎಲ್ಲೋ ಬಾಗಿಲ ಹತ್ರ ಕೂತಿರ್ತಾರೆ."

ಜೊತೆಗಾರ್ತಿ ಅವರ ಕೈ ಹಿಡಿದು ನೋಡಿ ಗದರುತ್ತಾಳೆ. "ಬೆರಳು ಒರಟಾಗ್ತಿದೆಯಲ್ಲೇ! ಏನು ಮಾಡ್ಕೊಂಡೆ?"

ಚುಕ್ಕಿಯಕ್ಕನ ಮುಖ ಅರಳುತ್ತದೆ. "ಅಮ್ಮ ಈಗ ಊಟ ಆದ ತಕ್ಷಣ ಕಾಲು ಚಾಚಿ ಕೂತ್ಬಿಡ್ತಾರೆ ಕಣೇ. ಪಾತ್ರೆ ನೀನೇ ತೊಳಿ ಅಂತಾರೆ."