ಶ್ರೀರಂಗಮ್ಮನವರ ದೋಣಿಗೆ ಕೊಟ್ಟ ಅಂಕಿ

ಚನ್ನರಾಯಪಟ್ಟಣದ ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಅಭಯಕುಮಾರರಿಗೆ ಈಜು ಬರುವುದಿಲ್ಲ. ನೀರಿನ ಹತ್ತಿರ ಹೋದರೇ ಅಂಗಾಲು ತಣ್ಣಗಾಗುತ್ತದೆ. ಆದರೂ ಭಾನುವಾರ ಬಂತೆಂದರೆ ಹಾಸನದ ಬಸ್ಸು ಹತ್ತಿ, ಅಲ್ಲಿಂದ ಗೊರೂರಿನ ಕಡೆಗೆ ಹೋಗಿ, ಹೇಮಾವತಿಯ ಹಿನ್ನೀರಿನ ದಂಡೆಯ ಮೇಲೆ ಕೊಡೆ ಬಿಚ್ಚಿಕೊಂಡು ಕೂರುತ್ತಾರೆ. ಅಲ್ಲಿ ಹಾಯಿದೋಣಿಗಳ ಪಂದ್ಯ ನಡೆಯುತ್ತದೆ. ಗೆದ್ದವರು ಯಾರೆಂದು ಹೇಳುವವರು ಇವರೇ.

ಅವರನ್ನು ಅಲ್ಲಿಗೆ ಎಳೆದು ತಂದವನು ಅದೇ ಕಾಲೇಜಿನ ದೈಹಿಕ ಶಿಕ್ಷಣದ ರಜನೀಶ್. ಅರಕಲಗೂಡಿನವನು, ನೌಕಾಪಡೆಯಲ್ಲಿದ್ದು ಬಂದವನು. ಎಲ್ಲೆಲ್ಲಿಂದಲೋ ಹಳೆಯ ದೋಣಿಗಳನ್ನು ಕೂಡಿಹಾಕಿ ಹಿನ್ನೀರಿನಲ್ಲೊಂದು ಪುಟ್ಟ ಕೂಟ ಕಟ್ಟಿದ್ದ. ಆದರೆ ಒಂದು ದೋಣಿ ಉದ್ದ, ಒಂದು ಗಿಡ್ಡ. ಒಂದರ ಹಾಯಿ ಚಪ್ಪರದಷ್ಟು, ಇನ್ನೊಂದರದು ಟವೆಲಿನಷ್ಟು. ಯಾವಾಗಲೂ ಉದ್ದದ ದೋಣಿಯೇ ಮೊದಲು ಬರುತ್ತಿತ್ತು. ಅದು ರಜನೀಶನದೇ. ಗೆದ್ದೂ ಗೆದ್ದೂ ಅವನಿಗೇ ಬೇಸರ ಬಂತು.

“ಇದಕ್ಕೊಂದು ಲೆಕ್ಕ ಐತೆ ಸಾ, ಪ್ರಪಂಚದಲ್ಲೆಲ್ಲಾ ಮಾಡ್ತಾರೆ. ನಮಗೂ ಮಾಡ್ಕೊಡಿ” ಎಂದ.

ಲೆಕ್ಕ ಸುಲಭದ್ದೇ. ಪ್ರತಿ ಬಗೆಯ ದೋಣಿಗೂ ಒಂದು ಅಂಕಿ. ನಿಧಾನದ ದೋಣಿಗೆ ದೊಡ್ಡದು, ವೇಗದ್ದಕ್ಕೆ ಚಿಕ್ಕದು. ದಡ ಮುಟ್ಟಲು ಹಿಡಿದ ಹೊತ್ತನ್ನು ಆ ಅಂಕಿಯಿಂದ ಭಾಗಿಸಬೇಕು; ಯಾರ ಉತ್ತರ ಕಡಿಮೆಯೋ ಅವರು ಗೆದ್ದಂತೆ. ಮೊದಲ ಸಲ ಹಾಗೆ ಭಾಗಿಸಿದ ದಿನ ಅಭಯಕುಮಾರರ ಮೈ ಜುಮ್ಮೆಂದಿತ್ತು. ಉದ್ದದ ದೋಣಿ ಬಂದು, ಅದರವರು ಬಟ್ಟೆ ಬದಲಿಸಿ, ಟೀ ಕುಡಿದು ಮುಗಿಸಿದ ಮೇಲೆ ಗಿಡ್ಡ ದೋಣಿ ತೆವಳಿಕೊಂಡು ಬಂದಿತ್ತು. ಭಾಗಿಸಿ ನೋಡಿದರೆ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೇ ಅಂತರ! ನೀರಿನ ಮೇಲೆ ಯಾರಿಗೂ ಕಾಣದೆ ಇನ್ನೊಂದು ಪಂದ್ಯ ನಡೆದಿತ್ತು. ಅದನ್ನು ಕಂಡವರು ತಾವೊಬ್ಬರೇ.

ಆ ಲೆಕ್ಕ ಅವರನ್ನು ಹಿಡಿದುಕೊಳ್ಳಲು ಬೇರೆ ಕಾರಣವೂ ಇತ್ತು. ಜಿನನಾಥಪುರದಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಶಾಲೆಯ ಓಟದ ದಿನ ಉಳಿದ ಹುಡುಗರು ಊರಿನ ಬಸದಿಯಿಂದ ಪಕ್ಕದ ಶ್ರವಣಬೆಳಗೊಳದ ಕಲ್ಯಾಣಿಯವರೆಗೆ ಓಡಿದರೆ, ಮೇಷ್ಟ್ರು ಇವರನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ ಅಲ್ಲಿಂದ ಓಡಿಸಿದರು. ಇವರೇ ಮೊದಲು ಬಂದರು. “ಅರ್ಧ ದಾರಿ ಓಡಿ ಗೆದ್ದೆ ಕಣ್ಲಾ, ಅದೂ ಒಂದು ಗೆಲುವಾ?” ಎಂದಿದ್ದ ಗೆಳೆಯ ಮಹಾವೀರ. ಅದು ಗೆಲುವೋ ಅಲ್ಲವೋ ಎಂಬುದು ಅವರಿಗೆ ಇವತ್ತಿಗೂ ಬಗೆಹರಿದಿಲ್ಲ.

ಹೀಗಿರುವಾಗ ಹೊಳೆನರಸೀಪುರದಿಂದ ಶ್ರೀರಂಗಮ್ಮ ಬಂದರು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಹೊಳೆಯಲ್ಲಿ ಈಜುತ್ತ ಬೆಳೆದವರು. ಒಂದು ಭಾನುವಾರ ಪಂದ್ಯ ನೋಡಲು ಬಂದವರು ಮರುವಾರದಿಂದ ಕಲಿಯಲೇ ಬಂದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸ್ವಂತ ದೋಣಿಯ ಆಸೆ ಹುಟ್ಟಿತು. ನಕ್ಷೆಯೊಂದನ್ನು ತರಿಸಿ ಊರಿನ ಬಡಗಿ ಶಿವಯ್ಯನ ಮುಂದೆ ಹರವಿದರು.

“ನಾನು ಬಾಗ್ಲು ಕಿಟ್ಕಿ ಮಾಡೋನು ಕಣ್ರಮ್ಮಾವ್ರೇ” ಎಂದ ಶಿವಯ್ಯ.

“ಬಾಗಿಲು ಮಾಡುವವನು ನೀರು ಒಳಗೆ ಬರದ ಹಾಗೆ ಮುಚ್ಚಲಾರೆಯೇನಪ್ಪಾ?”

ಪ್ಲೈವುಡ್ಡಿನ, ಮೊಂಡು ಮೂತಿಯ ದೋಣಿಯೊಂದು ತಯಾರಾಯಿತು. ಅಂಥ ದೋಣಿಗೆ ಯಾವ ಪಟ್ಟಿಯಲ್ಲೂ ಅಂಕಿ ಇರಲಿಲ್ಲ. ಅಭಯಕುಮಾರರು ಕೂಟದ ನಾಲ್ಕಾರು ಜನರನ್ನು ಅದರಲ್ಲಿ ಓಡಾಡಿಸಿ, ಸರಾಸರಿ ತೆಗೆದು, ದೊಡ್ಡದೊಂದು ಅಂಕಿ ಕೊಟ್ಟರು.

ಆಮೇಲೆ ಶ್ರೀರಂಗಮ್ಮ ಗೆಲ್ಲತೊಡಗಿದರು. ಪ್ರತಿ ವಾರವೂ ಅವರೇ. ದಡದಲ್ಲಿ ಗುಸುಗುಸು ಶುರುವಾಯಿತು.

“ಬೇಜಾರ್ ಮಾಡ್ಕೋಬ್ಯಾಡಿ ಸಾ. ಅಮ್ಮಾವ್ರ ದೋಣಿಗೆ ರಿಯಾಯ್ತಿ ಜಾಸ್ತಿ ಆಗೋಯ್ತು” ಎಂದ ರಜನೀಶ್.

ಇದ್ದರೂ ಇರಬಹುದೆಂದು ಅಭಯಕುಮಾರರು ಅಂಕಿಯನ್ನು ಸ್ವಲ್ಪ ಇಳಿಸಿದರು. ಆಕೆ ಗೆದ್ದರು. ಇನ್ನೂ ಇಳಿಸಿದರು. ಮತ್ತೆ ಗೆದ್ದರು. ಮತ್ತೊಮ್ಮೆ ಇಳಿಸಿದ ಮೇಲೆ ಕೂದಲೆಳೆಯಲ್ಲಿ ಸೋತರು. ಎಲ್ಲರೂ ನಿರಾಳವಾಗಿ ಚಪ್ಪಾಳೆ ತಟ್ಟಿದರು.

ಶ್ರೀರಂಗಮ್ಮ ಒದ್ದೆ ಸಲ್ವಾರಿನಲ್ಲೇ ಕೊಡೆಯ ಬಳಿ ಬಂದು ನಿಂತರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ಮೇಷ್ಟ್ರೇ, ನನ್ನ ದೋಣಿ ನಿಜವಾಗಿ ಅಷ್ಟು ಜೋರಾಗಿ ಹೋಗತ್ತಾ?”

“ಲೆಕ್ಕ ಹಾಗೆ ಹೇಳ್ತಿದೆಯಲ್ಲಮ್ಮಾ.”

“ಅದರಲ್ಲಿ ಕೂತು ನೋಡಿದ್ದೀರಾ?”

ಅಭಯಕುಮಾರರು ಕೊಡೆ ಮಡಚಿಟ್ಟು ಎದ್ದರು. ಇಷ್ಟು ವರ್ಷ ದೋಣಿಗಳನ್ನು ಅಳೆದವರು ಒಂದು ದೋಣಿಯನ್ನೂ ಹತ್ತಿರಲಿಲ್ಲ.

ಲೈಫ್ ಜಾಕೆಟಿನ ಪಟ್ಟಿಗಳನ್ನು ರಜನೀಶನೇ ಬಿಗಿದ. ಶ್ರೀರಂಗಮ್ಮ ಕೈಹಿಡಿದು ಕೂರಿಸಿಕೊಂಡರು. ದಡ ದೂರವಾದಂತೆ ಅಭಯಕುಮಾರರು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಸತ್ತುಹೋಯಿತು. ಹಾಯಿ ಒಣಹಾಕಿದ ಪಂಚೆಯಂತೆ ಜೋತುಬಿತ್ತು. ಆ ನಿಶ್ಶಬ್ದದಲ್ಲಿ ನೀರು ಎಷ್ಟು ದೊಡ್ಡದೆಂದು ಅವರಿಗೆ ಮೊದಲ ಬಾರಿ ತಿಳಿಯಿತು.

“ಅಲ್ಲಿ ನೋಡಿ, ನೀರು ಕಪ್ಪಾಗಿ ನಡುಗ್ತಾ ಇದೆ. ಗಾಳಿ ಬರ್ತಾ ಇದೆ” ಎಂದು ಶ್ರೀರಂಗಮ್ಮ ಪಿಸುಗುಟ್ಟಿದರು.

ಅಭಯಕುಮಾರರಿಗೆ ಏನೂ ಕಾಣಲಿಲ್ಲ. ಆಕೆ ಹಗ್ಗವನ್ನು ತುಸು ಸಡಿಲಿಸಿ, ಚುಕ್ಕಾಣಿಯನ್ನು ಮಗುವಿನ ಗಲ್ಲ ಹಿಡಿದಂತೆ ಎರಡು ಬೆರಳಲ್ಲಿ ತಿರುಗಿಸಿ ಕಾದರು. ಗಾಳಿಯ ಉಸಿರೊಂದು ಕೆನ್ನೆಗೆ ತಾಗಿತು. ಹಾಯಿ ಪಟ್ಟೆಂದು ತುಂಬಿಕೊಂಡಿತು. ಹಲಗೆಯ ಕೆಳಗೆ ನೀರು ಮಾತಾಡತೊಡಗಿತು. ಪಂದ್ಯ ಮುಗಿದರೂ ನೀರಿನಲ್ಲೇ ತಿರುಗುತ್ತಿದ್ದ ಉಳಿದ ದೋಣಿಗಳೆಲ್ಲ ಸುತ್ತ ಇನ್ನೂ ನಿಂತಲ್ಲೇ ನಿಂತಿದ್ದವು. ಈ ಮೊಂಡು ಮೂತಿಯದೊಂದೇ ಅವುಗಳ ನಡುವೆ ಹೊರಟಿತು. ಅಭಯಕುಮಾರರ ಕೈ ತಾನಾಗಿ ಅಂಚನ್ನು ಬಿಟ್ಟಿತು. ದೇವರ ಮುಂದೆ ನಿಂತಾಗ ಬರುವಂಥ ಕಣ್ಣೀರು ಬಂತು. ಏಕೆಂದು ಕೇಳಿದ್ದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ.

ದಡಕ್ಕೆ ಬಂದವರೇ ರಜನೀಶನನ್ನು ಕರೆದರು. “ಬರುವ ವಾರ ನೀವು ಅಮ್ಮನ ದೋಣಿ ತಗೊಳ್ಳಿ. ಅಮ್ಮ ನಿಮ್ಮದನ್ನ ತಗೊಳ್ಳಲಿ.”

ಆ ಭಾನುವಾರ ಒಳ್ಳೆಯ ಗಾಳಿಯಿತ್ತು. ಪಂದ್ಯದ ಗುರುತಿಗೆಂದು ತೇಲಿಬಿಟ್ಟ ಕಿತ್ತಳೆ ಬಣ್ಣದ ಡ್ರಮ್ಮುಗಳನ್ನು ಸುತ್ತಿಕೊಂಡು ಉದ್ದದ ದೋಣಿ ಹಿಂದಿರುಗಿದ ರೀತಿಗೆ ದಂಡೆಯಲ್ಲಿದ್ದವರೆಲ್ಲ ಎದ್ದು ನಿಂತರು. ಆ ದೋಣಿ ಅಷ್ಟು ಬೇಗ ದಡ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ರಜನೀಶ್ ಪ್ಲೈವುಡ್ ದೋಣಿಯನ್ನು ತನ್ನ ವಿದ್ಯೆಯನ್ನೆಲ್ಲ ಸುರಿದು ನಡೆಸಿಕೊಂಡು ಬಹಳ ಹೊತ್ತಿನ ಮೇಲೆ ಬಂದ.

ಅಭಯಕುಮಾರರು ಮೊಟ್ಟಮೊದಲು ಕೊಟ್ಟಿದ್ದ ದೊಡ್ಡ ಅಂಕಿಯಿಂದಲೇ ಭಾಗಿಸಿದರು. ಶ್ರೀರಂಗಮ್ಮ ತಮ್ಮ ದೋಣಿಯಲ್ಲಿ ರಜನೀಶನಿಗಿಂತ ಎಷ್ಟು ಮುಂದಿರುತ್ತಿದ್ದರೋ, ಅವನ ದೋಣಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಮುಂದಿದ್ದರು. ಮತ್ತೊಮ್ಮೆ ಭಾಗಿಸಿದರು. ಅದೇ ಉತ್ತರ. ದೋಣಿಯ ಅಂಕಿ ಮೊದಲೇ ಸರಿಯಿತ್ತು. ಇಷ್ಟು ದಿನ ಅದನ್ನು ಇಳಿಸುತ್ತ ತಾವು ಅಳೆಯಲು ಹೊರಟದ್ದು ದೋಣಿಯನ್ನಲ್ಲ, ಆ ಹೆಂಗಸಿನೊಳಗಿದ್ದ ಯಾವುದೋ ಒಂದನ್ನು.

“ತಪ್ಪಾಯ್ತಮ್ಮಾ. ಹಳೇ ಅಂಕಿಯೇ ಇರಲಿ” ಎಂದರು.

ರಜನೀಶ್ ಒದ್ದೆ ಕೂದಲು ಹಿಂಡಿಕೊಳ್ಳುತ್ತ ಉತ್ತರವನ್ನು ನೋಡಿದ. ನೋಡಿ, ನೆಟ್ಟಗೆ ನಿಂತು ಶ್ರೀರಂಗಮ್ಮನವರಿಗೆ ಸೆಲ್ಯೂಟ್ ಹೊಡೆದ.

“ಬೋಟಲ್ಲ ಸಾ, ಅಮ್ಮಾವ್ರೇ ಅಂಗವ್ರೆ! ಆದ್ರೆ ನಾವು ಗೆಲ್ಲೋದು ಯಾವಾಗ? ಅಮ್ಮಾವ್ರಿಗೇ ಒಂದು ಅಂಕಿ ಕೊಟ್ಬುಡಿ.”

“ದೋಣಿಗೆ ಕೊಡಬಲ್ಲೆ ರಜನೀಶ್. ಅವರಿಗೆ ಕೊಡೋ ಅಂಕಿ ನನ್ನ ಹತ್ರ ಇಲ್ಲ.”

ಶ್ರೀರಂಗಮ್ಮ ರಜನೀಶನ ಕಡೆ ತಿರುಗಿ ನಕ್ಕುಬಿಟ್ಟರು. “ಬನ್ನಿ, ನನ್ನ ಜೊತೆ ಕೂತ್ಕೊಳ್ಳಿ. ನನಗೆ ಕಾಣೋ ಗಾಳಿ ನಿಮಗೆ ಯಾಕೆ ಕಾಣಲ್ಲ, ನೋಡೋಣ.”

ಅಂದಿನಿಂದ ಪಂದ್ಯ ಮುಗಿದ ಮೇಲೂ ಶ್ರೀರಂಗಮ್ಮ, ರಜನೀಶ್ ಇಬ್ಬರೂ ಆ ಪ್ಲೈವುಡ್ ದೋಣಿಯಲ್ಲಿ ಹೊತ್ತು ಇಳಿಯುವವರೆಗೆ ತಿರುಗುತ್ತಿದ್ದರು. ಯಾವ ದೋಣಿಯ ಅಂಕಿಯನ್ನೇ ಆಗಲಿ, ನಡೆಸುವವರನ್ನು ಅದಲುಬದಲು ಮಾಡಿ ನೋಡದೆ ಬದಲಿಸಬಾರದೆಂದು ಕೂಟದಲ್ಲಿ ನಿಯಮವಾಯಿತು. ಈ ಚಳಿಗಾಲದಲ್ಲಿ ರಜನೀಶ್ ಒಂದೇ ಒಂದು ಸಲ ಶ್ರೀರಂಗಮ್ಮನವರನ್ನು ಸೋಲಿಸಿದ, ಅದೂ ಹಳೆಯ ಅಂಕಿಯಲ್ಲೇ. ಅಭಯಕುಮಾರರು ಉತ್ತರ ಕೂಗಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಶ್ರೀರಂಗಮ್ಮನವರೇ.